ಚಾತು ಎಣ್ಣೆ

ಆ ಡಬ್ಬದಲ್ಲಿ ಇದ್ದದ್ದು ಚಾತು ಕೊಟ್ಟ ಎಣ್ಣೆ ಅಲ್ಲ, ಚೆನ್ನಪ್ಪ. ನಮ್ಮ ಮನೆಯ ಹರಳೆಣ್ಣೆ. ತುಂಬಿಸಿದವಳು ನಾನು, ನಿನ್ನ ಅತ್ತಿಗೆ ಗಿರಿಜ. ಚಾತು ಕೊಟ್ಟದ್ದನ್ನು ಬೇಲಿಯ ಬುಡಕ್ಕೆ ಸುರಿದವಳೂ ನಾನೇ.

ಬರೆದುಬಿಟ್ಟೆ. ನಲವತ್ತು ವರ್ಷ ನಾಲಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋದ ಮಾತು, ಎರಡು ಸಾಲಿನಲ್ಲಿ ಮುಗಿದೇ ಹೋಯಿತು — ಇಷ್ಟೇನಾ ಅನ್ನಿಸುತ್ತಿದೆ. ನೀನು ಹೊರಗೆ ಜಗಲಿಯ ಮೇಲೆ ಪೇಪರು ಓದುತ್ತಾ ಕೂತಿದ್ದೀಯೆ. ನೀನು ಒಂದು ಸಲ ಕೆಮ್ಮಿದರೆ ಸಾಕು, ನಾನು ಈ ಪುಸ್ತಕದ ಮೇಲೆ ಸೆರಗು ಎಳೆದುಕೊಳ್ಳುತ್ತೇನೆ. ಯಾರಿಗೆ ಹೆದರುತ್ತೀಯೆ ಮುದುಕಿ, ಅತ್ತೆ ಹೋಗಿ ಇಪ್ಪತ್ತು ವರ್ಷವಾಯಿತು, ಗಂಡ ಹೋಗಿ ಏಳು ವರ್ಷವಾಯಿತು, ಇನ್ನು ಬೈಯುವವರು ಯಾರಿದ್ದಾರೆ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಗೊತ್ತಿದೆ. ನಿನಗೆ ಹೆದರುತ್ತೇನೆ. ನೀನು ಬೈಯುತ್ತೀಯೆ ಎಂದಲ್ಲ — ಬೈಯದೆ ಸುಮ್ಮನೆ ನನ್ನ ಮುಖ ನೋಡಿಬಿಟ್ಟರೆ, ಎಂದು.

ಹಾಲು ನೀರಾಗಿದ್ದರೆ ನಮ್ಮ ಮನೆಯಲ್ಲಿ ಏನನ್ನುತ್ತಾರೆ? "ಇದೇನು ಚಾತು ಎಣ್ಣೆಯಾ?" ಬೇಳೆಯಲ್ಲಿ ಕಲ್ಲಿದ್ದರೆ, ಅಂಗಡಿಯವನ ತೂಕ ಕಮ್ಮಿಯಾದರೆ, ಹೊಸ ಬಟ್ಟೆ ಒಗೆದ ತಕ್ಷಣ ಬಣ್ಣ ಬಿಟ್ಟರೆ — ಚಾತು ಎಣ್ಣೆ. ಆ ಮನುಷ್ಯನನ್ನು ಕಣ್ಣಲ್ಲಿ ಕಂಡಿಲ್ಲದ ಮಕ್ಕಳು, ಮೊಮ್ಮಕ್ಕಳು, ಬೇರೆ ಊರಿಂದ ಬಂದ ಸೊಸೆಯರು ಕೂಡ ಹಾಗೇ ಅನ್ನುತ್ತಾರೆ. ಒಬ್ಬ ಮರ್ಯಾದಸ್ಥನ ಹೆಸರನ್ನು ಮೋಸಕ್ಕೆ ಇಟ್ಟುಬಿಟ್ಟಿದ್ದೇವೆ. ಇಟ್ಟವನು ನೀನು, ಇಡಲು ಬಿಟ್ಟವಳು ನಾನು. ಆ ಮಾತು ಮನೆಯಲ್ಲಿ ಕೇಳಿದಾಗಲೆಲ್ಲ ನಾನು ಏನೋ ಕೆಲಸದ ನೆಪ ಮಾಡಿ ಎದ್ದು ಒಳಗೆ ಹೋಗುತ್ತೇನೆ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಎಂದು ಬೇಸರಪಡಬೇಡ. ಇದನ್ನು ಮಕ್ಕಳ ಮುಂದೆ ಓದಬೇಕು, ಅವರಿಗೂ ತಿಳಿಯಬೇಕು.

ನಮ್ಮೂರು ಕೊಪ್ಪಕ್ಕೆ ಎರಡು ಹರದಾರಿ, ಕಾವೇರಿಯ ಈಚೆ ದಂಡೆ. ಆಗಿನ್ನೂ ಆಚೆ ದಂಡೆ ಕೊಡಗು, ಬೇರೆ ರಾಜ್ಯ. ನಿನ್ನ ಹೆಂಡತಿ ನೀಲಳ ತವರು ಆಚೆ. ನಮ್ಮ ಹುಲ್ಲಿನ ಮೆದೆ ಹತ್ತಿ ನಿಂತರೆ ಅವರ ಮನೆಯ ಹೊಗೆ ಕಾಣುತ್ತಿತ್ತು. ಸೇತುವೆ ಹಾದು ಗಾಡಿಯಲ್ಲಿ ಸುತ್ತಿಕೊಂಡು ಹೋದರೆ ಒಂದು ಹಗಲು ಪೂರಾ ಬೇಕು, ಹರಿಗೋಲಿನಲ್ಲಿ ದಾಟಿದರೆ ಎಲೆ ಅಡಿಕೆ ಹಾಕಿ ಉಗಿಯುವಷ್ಟು ಹೊತ್ತು. ಆದರೆ ನೀಲ ಹರಿಗೋಲು ಹತ್ತುತ್ತಿರಲಿಲ್ಲ. ಅದು ಗುಂಡಗಿರುತ್ತದಲ್ಲ, ಸೆಳವಿಗೆ ಸಿಕ್ಕಿ ಗಿರಗಿರ ತಿರುಗುತ್ತಿತ್ತು, ಆ ಹುಡುಗಿಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಮದುವೆಯಾದ ಮೊದಲ ದೀಪಾವಳಿಗೆ ತವರಿಗೆ ಹೊರಟವಳು ದಡದಲ್ಲೇ ಕೂತುಬಿಟ್ಟಳು. "ನಾ ಹತ್ತಾಕಿಲ್ಲ, ಅದು ನನ್ನ ನುಂಗ್ತದೆ" ಎಂದು ಅತ್ತಳು. ನೀನು ಎಲ್ಲರೆದುರು ಅವಳ ಗಂಟು ಎತ್ತಿಕೊಂಡು ಮನೆಯ ಕಡೆ ತಿರುಗಿದೆ. "ತಿರುಗದೆ ಇರೋ ದೋಣಿ ಮಾಡ್ತೀನಿ ಬುಡು" ಅಂದೆ. ಊರವರು ನಕ್ಕರು. ಹೆಂಡತಿಯ ಗುಲಾಮ ಅಂದರು. ನಿನಗೆ ಇಪ್ಪತ್ತೊಂದು, ನನಗೆ ಇಪ್ಪತ್ತಮೂರು.

ನೀನು ಆಗ ಕೊಡಗಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಸೋಮವಾರ ಹೋದರೆ ಶನಿವಾರ ಬರುತ್ತಿದ್ದೆ. ತೋಟದ ದೊರೆ ತೋಟ ಮಾರಿ ಅವನ ದೇಶಕ್ಕೆ ಹೋಗುವಾಗ ಬಿಸಾಕಿದ ಕಾಗದಗಳ ರಾಶಿಯಲ್ಲಿ ನಿನಗೊಂದು ದೋಣಿಯ ನಕ್ಷೆ ಸಿಕ್ಕಿತು. ಉದ್ದಕ್ಕೆ, ಎರಡು ತುದಿಯಲ್ಲೂ ಚೂಪಾಗಿ, ತೆಳ್ಳನೆ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಕೂರಿಸಿ ಮಾಡಿದ್ದು. ಅದನ್ನು ಅಡುಗೆಮನೆಗೆ ತಂದು ನನಗೇ ಮೊದಲು ತೋರಿಸಿದೆ. ನನಗೆ ಅದು ಬಿಡಿಸಿದ ಅವರೆಕಾಯಿಯ ಸಿಪ್ಪೆಯಂತೆ ಕಂಡಿತು. "ಇಷ್ಟು ತೆಳ್ಳಗಿದ್ರೆ ನೀರು ಬರಾಕಿಲ್ವಾ?" ಎಂದು ಕೇಳಿದೆ. ನೋಡು, ಮೊದಲ ದಿನವೇ ಕೇಳಿದ್ದೆ.

ಪಟ್ಟಿ ಸೀಳಿಕೊಟ್ಟವನು ಚಾತು. ಕೊಪ್ಪದ ಮರದ ಅಡ್ಡೆಯಲ್ಲಿ ಗರಗಸ ಎಳೆಯುತ್ತಿದ್ದ ಮಲಬಾರಿನವನು. ನಲವತ್ತು ದಾಟಿದವನು, ಕಪ್ಪಗೆ ಗಿಡ್ಡಗೆ, ಕಿವಿಯ ಮೇಲೆ ಸದಾ ಒಂದು ಬೀಡಿ. ಅವನ ತಂದೆ ಸಮುದ್ರದ ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದವನಂತೆ. ಹೆಬ್ಬಲಸಿನ ಮರವನ್ನೇ ಆರಿಸಿ, ಹೆಬ್ಬೆರಳ ಅಗಲ, ಕಿರುಬೆರಳಷ್ಟೂ ದಪ್ಪವಿಲ್ಲದ ಪಟ್ಟಿಗಳನ್ನು ಒಂದೂ ಸೀಳುಬಿಡದ ಹಾಗೆ ಕುಯ್ದುಕೊಟ್ಟ. ನಮ್ಮ ಹಿತ್ತಿಲ ಚಪ್ಪರದಲ್ಲಿ ನೀನು ಹಲಗೆಯ ಅಚ್ಚುಗಳನ್ನು ನಿಲ್ಲಿಸಿ, ದೋಣಿಯನ್ನು ಮಕಾಡೆ ಮಾಡಿ ಕಟ್ಟತೊಡಗಿದೆ. ಮುಂದಿನ ದೀಪಾವಳಿಯವರೆಗೂ ಭಾನುವಾರ ಬಂತೆಂದರೆ ನಾನು ಹಂಡೆಯಲ್ಲಿ ನೀರು ಕಾಯಿಸಿ ತಂದು ಪಟ್ಟಿಯ ಮೇಲೆ ಹೊಯ್ಯಬೇಕು, ನೀಲ ಒಂದು ತುದಿ ಹಿಡಿಯಬೇಕು, ನೀನು ಮೆಲ್ಲಗೆ ಬಗ್ಗಿಸಿ ತಾಮ್ರದ ಮೊಳೆ ಹೊಡೆಯಬೇಕು. ಆಗ ನಾವು ಮೂವರೂ ಎಷ್ಟು ನಗುತ್ತಿದ್ದೆವು! ನನ್ನ ಮದುವೆಯಾಗಿ ಆರು ವರ್ಷವಾಗಿತ್ತು, ಆ ಮನೆಯಲ್ಲಿ ನಾನು ಗಟ್ಟಿಯಾಗಿ ನಕ್ಕದ್ದು ಆ ಚಪ್ಪರದ ಕೆಳಗೇ ಮೊದಲು.

ಇನ್ನು ಎಣ್ಣೆಯ ಮಾತು.

ಪಟ್ಟಿ ಪಟ್ಟಿಯ ನಡುವಿನ ಸಂದಿಗೆ ಹತ್ತಿಯ ಎಳೆ ತುರುಕಿ, ಮೇಲೆ ರಾಳದ ಪುಡಿಯನ್ನು ಎಣ್ಣೆಯಲ್ಲಿ ಕುದಿಸಿ ಬಳಿಯಬೇಕು. ಆ ಎಣ್ಣೆ ಮೀನಿನದೇ ಆಗಬೇಕು ಎಂದು ಚಾತು ಹೇಳಿದ. ಕಣ್ಣೂರಿಗೆ ಹೋದವರ ಕೈಯಲ್ಲಿ ಹೇಳಿಕಳಿಸಿ ಒಂದು ತಗಡಿನ ಡಬ್ಬದ ತುಂಬ ತರಿಸಿಯೂ ಕೊಟ್ಟ. ನೀನು ಅದನ್ನು ಹೊಲದ ಗುಡಿಸಲಿನಲ್ಲಿ ಹುಲ್ಲಿನಡಿ ಬಚ್ಚಿಟ್ಟು ಭಾನುವಾರ ಸಂಜೆ ನನ್ನ ಹತ್ತಿರ ಬಂದೆ.

"ಅತ್ತಿಗೆ, ಅವ್ವಂಗೆ ಮಾತ್ರ ಗೊತ್ತಾಗ್ಬಾರ್ದು ಕಣ್ರೀ. ನಾಳೆ ಅವ್ವ ದೇವಸ್ಥಾನಕ್ಕೆ ಹೋದಾಗ ಗುಡಿಸಲ ತಾವ ಒಲೆ ಹೂಡಿ ಕುದಿಸಿ ಮಡಗಿ. ಶನಿವಾರ ಬಂದು ಬಳೀತೀನಿ. ನಿಮ್ಮನ್ನ ಬುಟ್ರೆ ಇನ್ಯಾರ್ನ ಕೇಳ್ಲಿ?"

"ಆಯ್ತು" ಅಂದೆ. ನಿಮ್ಮನ್ನು ಬಿಟ್ಟರೆ ಯಾರನ್ನು ಕೇಳಲಿ ಎಂದು ಆ ಮನೆಯಲ್ಲಿ ನನಗೆ ಬೇರೆ ಯಾರೂ ಅಂದಿರಲಿಲ್ಲ.

ನಿನ್ನ ಅವ್ವ, ನನ್ನ ಅತ್ತೆ — ಅವರ ಮಡಿ ನಿನಗೆ ಗೊತ್ತು. ಹಿಂದಿನ ವರ್ಷ ಕೂಲಿಗೆ ಬಂದ ಹೆಂಗಸಿನ ಸೆರಗಿನಲ್ಲಿದ್ದ ಒಣಮೀನಿನ ಗಂಟು ನಮ್ಮ ಮೊರಕ್ಕೆ ತಾಕಿತೆಂದು ಮೊರವನ್ನು ಸುಟ್ಟು, ಕಣವನ್ನೆಲ್ಲ ಸಗಣಿಯಲ್ಲಿ ಸಾರಿಸಿ, ಆ ಹೆಂಗಸನ್ನು ಊಟವಿಲ್ಲದೆ ಕಳಿಸಿದ್ದರು. ನನಗಂತೂ ಮಾತು ಮಾತಿಗೆ "ಬಸರೂ ಇಲ್ಲ, ಬಾಣಂತನವೂ ಇಲ್ಲ, ಕೆಲಸನಾದ್ರೂ ನೆಟ್ಟಗೆ ಮಾಡಮ್ಮಿ, ಇಲ್ಲಾಂದ್ರೆ ನಿಮ್ಮಪ್ಪನ ಮನೆ ದಾರಿ ಹಿಡಿ" ಎಂಬುದು ಇದ್ದೇ ಇತ್ತು. ಅದು ಬಾಯಿಮಾತಲ್ಲ. ನಿನ್ನ ಅಣ್ಣನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಒಳಗೊಳಗೇ ನಡೆದಿತ್ತು, ನನಗೆ ಗೊತ್ತಿತ್ತು.

ಆ ಸೋಮವಾರ ಕಾರ್ತಿಕ ಸೋಮವಾರ. ನೀನು ಗಂಡಸು, ನಿನಗೆ ಅದು ಹೊಳೆಯಲೇ ಇಲ್ಲ. ಬೆಳಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಒಂದು ಹೊತ್ತು ಇರುವ ದಿನ, ಅದೇ ಅಂಗೈಯಲ್ಲಿ ಮೀನೆಣ್ಣೆ. ಗುಡಿಸಲಿನಲ್ಲಿ ಡಬ್ಬದ ಮುಚ್ಚಳ ಎತ್ತಿದೆ. ಆ ವಾಸನೆ ಮುಖಕ್ಕೆ ಹೊಡೆದದ್ದೇ ತಡ, ಹೊರಗೆ ಓಡಿ ವಾಂತಿ ಮಾಡಿದೆ. ಮತ್ತೆ ಒಳಗೆ ಬಂದೆ, ಮತ್ತೆ ಹೋದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಇದನ್ನು ಮುಟ್ಟಿದರೆ ಹುಟ್ಟಬೇಕಾದ ಮಗುವೂ ಹುಟ್ಟಲಿಕ್ಕಿಲ್ಲ ಎಂದು ಯಾರೋ ಕಿವಿಯಲ್ಲಿ ಹೇಳಿದ ಹಾಗಾಯಿತು. ದೇವರಿಗೆ ಹೆದರಿದೆನೋ ಅತ್ತೆಗೆ ಹೆದರಿದೆನೋ — ಆಗ ಎರಡೂ ಒಂದೇ ಆಗಿತ್ತು, ಚೆನ್ನಪ್ಪ. ಡಬ್ಬವನ್ನು ಕೋಲಿಗೆ ಸಿಕ್ಕಿಸಿ ಎತ್ತಿಕೊಂಡು ಹೋಗಿ ಹಿತ್ತಿಲಿಗೂ ಹೊಲಕ್ಕೂ ನಡುವಿನ ಬೇಲಿಯ ಬುಡಕ್ಕೆ ಬಗ್ಗಿಸಿಬಿಟ್ಟೆ.

ಖಾಲಿ ಡಬ್ಬ ನೋಡಿದ ಮೇಲೆ ಇನ್ನೊಂದು ಹೆದರಿಕೆ ಶುರುವಾಯಿತು. ನಿನಗೆ ಏನು ಹೇಳಲಿ? ಅಟ್ಟದ ಮೇಲೆ ನಾವೇ ತೆಗೆದ ಹರಳೆಣ್ಣೆಯ ಗಡಿಗೆ ಇತ್ತು. ಅದೂ ಎಣ್ಣೆಯೇ ತಾನೆ, ಅದೂ ಮಂದವಾಗೇ ಇದೆ, ಮೇಲಾಗಿ ಪರಿಶುದ್ಧ — ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಕೋಲಿಗೆ ಚಿಂದಿ ಸುತ್ತಿ, ಡಬ್ಬದ ಒಳಗನ್ನು ಬೂದಿ ಹಾಕಿ ತಿಕ್ಕಿ ತುಂಬಿಸಿದೆ. ಹೊರಗಡೆ ಮಾತ್ರ ತೊಳೆಯಲಿಲ್ಲ. ಬೇಕೆಂದೇ ತೊಳೆಯಲಿಲ್ಲ. ಇಷ್ಟು ಬುದ್ಧಿ ಓಡಿತು ನೋಡು, ಆ ಹೆದರಿಕೆಯಲ್ಲೂ. ರಾಳ ಹಾಕಿ ಕುದಿಸಿದೆ. ಹೊಗೆ ಘಮ್ಮೆಂದಿತು, ಜೇನಿನ ಬಣ್ಣ ಬಂತು. ಚೆನ್ನಾಗಿಯೇ ಕಂಡಿತು.

ಮಾರನೆಯ ಬೆಳಗ್ಗೆ ಊರಿನ ಬೆಕ್ಕುಗಳೆಲ್ಲ ನಮ್ಮ ಬೇಲಿಯ ಬುಡದಲ್ಲಿ ಸೇರಿದ್ದವು. ಎಂಟೋ ಒಂಬತ್ತೋ. ಮಣ್ಣು ನೆಕ್ಕುತ್ತಾ, ಒಂದರ ಮೇಲೊಂದು ಗುರ್ ಎನ್ನುತ್ತಾ. ಎರಡು ನಾಯಿ ಬೇರೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದರು.

"ಏನಮ್ಮಿ ಇದು, ಬೆಕ್ಕಿನ ಸಂತೆ ನೆರೆದದೆ? ಏನ್ ಸತ್ತದೆ ಅಲ್ಲಿ? ಯಾರ್ನಾರ ಕರೆದು ಮಣ್ಣ ಅಗೆಸ್ತೀನಿ ತಡಿ."

ಅಗೆದರೆ ಆ ನಾತ ಮೇಲೆ ಬರುತ್ತದೆ, ಅತ್ತೆಯ ಮೂಗಿಗೆ ಬೀಳುತ್ತದೆ, ಅಲ್ಲಿಗೆ ನನ್ನ ಸಂಸಾರ ಮುಗಿಯಿತು. "ರಾತ್ರಿ ಹಾಲು ಒಡೆದಿತ್ತು ಅತ್ತೆ, ಹೇಳಿದ್ರೆ ಬೈತೀರಿ ಅಂತ ಚೆಲ್ಲಿದೆ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅತ್ತೆ ಅರ್ಧ ಗಂಟೆ ಬೈದರು. ಆ ಬೈಗುಳ ನನಗೆ ಸಕ್ಕರೆಯಾಗಿತ್ತು. ಅವರು ಒಳಗೆ ಹೋದ ಮೇಲೆ ಒಲೆಯ ಬೂದಿಯೆಲ್ಲ ತಂದು ಅಲ್ಲಿ ಸುರಿದೆ. ವಾರವಿಡೀ ಬೆಕ್ಕು ಬಂದವು. ವಾರವಿಡೀ ನಾನು ಕೋಲು ಹಿಡಿದು ಕಾದೆ.

ಶನಿವಾರ ನೀನು ಬಂದೆ. ಡಬ್ಬವನ್ನು ಮೂಸಿ ಮುಖ ಕಿವುಚಿದೆ. "ಥೂ, ಏನ್ ನಾತ ಅತ್ತಿಗೆ! ಪಾಪ, ಹೆಂಗ್ ತಡ್ಕೊಂಡ್ರಿ? ನಿಮ್ಮ ಋಣ ಹೆಂಗ್ ತೀರಿಸ್ಲಿ ನಾನು?"

ಆಗಲೇ ಹೇಳಬೇಕಿತ್ತು. ನಾವಿಬ್ಬರೇ ಇದ್ದೆವು ಚಪ್ಪರದಲ್ಲಿ. ನೀನು ಬೈಯುವವನಲ್ಲ, ಹೆಚ್ಚೆಂದರೆ ತಲೆ ಚಚ್ಚಿಕೊಂಡು ನಗುತ್ತಿದ್ದೆ, ಇನ್ನೊಂದು ಡಬ್ಬ ತರಿಸುತ್ತಿದ್ದೆ. ಹೇಳಲಿಲ್ಲ. "ಇರ್ಲಿ ಬುಡು" ಅಂದೆ.

ಬಳಿದೆವು. ಒಂದು ವಾರ ಬಿಸಿಲಿಗೆ ಬಿಟ್ಟೆವು, ಎರಡು ವಾರ ಬಿಟ್ಟೆವು. ನೀನು ತೋಟಕ್ಕೆ ಹೋದ ದಿನಗಳಲ್ಲಿ ನಾನು ಕದ್ದು ಹೋಗಿ ಸಂದಿಗೆ ಉಗುರು ಊರಿ ನೋಡುತ್ತಿದ್ದೆ. ಉಗುರು ಒಳಗೆ ಹೋಗುತ್ತಿತ್ತು. ದಿನವೂ ಹೋಗುತ್ತಿತ್ತು. ಚಳಿಗಾಲ, ಅದಕ್ಕೇ ಆರಿಲ್ಲ ಎಂದು ನೀನು ಅಂದುಕೊಂಡೆ. ನನಗೆ ಅನ್ನ ಸೇರದಾಯಿತು. ಕೊನೆಗೆ ಏನು ಮಾಡಿದೆ ಗೊತ್ತಾ — ದೇವರ ಗೂಡಿನ ವಿಭೂತಿ ಗಟ್ಟಿಗಳನ್ನು ಕುಟ್ಟಿ ಪುಡಿ ಮಾಡಿ, ಶಿವಶಿವಾ ಗಟ್ಟಿ ಮಾಡಪ್ಪಾ ಎಂದು ಬೇಡಿಕೊಳ್ಳುತ್ತಾ ಇಡೀ ದೋಣಿಗೆ ಸವರಿದೆ. ಅಂಟು ಕೈಗೆ ಹತ್ತುವುದು ನಿಂತಿತು. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಬೇಡಿಕೊಂಡದ್ದು ಎಷ್ಟು, ಮುಚ್ಚಿಟ್ಟದ್ದು ಎಷ್ಟು, ಅದನ್ನು ಆ ಶಿವನೇ ಹೇಳಬೇಕು. ಅತ್ತೆಗೆ ಮಾತ್ರ ಬಹಳ ಸಂತೋಷವಾಯಿತು. "ದೋಣಿಗೂ ವಿಭೂತಿ ಧಾರಣೆ ಮಾಡವ್ಳೆ ನನ್ನ ಸೊಸೆ" ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದರು. ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

ನೀರಿಗಿಳಿಸಿದ ದಿನ ನಿನಗೆ ಮರೆತಿರಲಾರದು. ಮಾರ್ಗಶಿರದ ಬಿಸಿಲು, ಹೊಳೆ ಸಮನಾಗಿ ಹರಿಯುತ್ತಿತ್ತು. ಅರ್ಧ ಊರು ದಡದಲ್ಲಿತ್ತು. ಚಾತು ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ. ನಮ್ಮ ಹಿತ್ತಿಲಿಗೆ ಅವನನ್ನು ಅತ್ತೆ ಬಿಟ್ಟುಕೊಂಡಿರಲಿಲ್ಲ, ಹಾಗಾಗಿ ಪೂರ್ತಿಯಾದ ದೋಣಿಯನ್ನು ಅವನು ನೋಡಿದ್ದೇ ಆವತ್ತು. ಹತ್ತಿರ ಬಂದು ಸಂದಿ ಮುಟ್ಟಿ ನೋಡಲು ಕೈ ಚಾಚಿದ. ಅಷ್ಟರಲ್ಲಿ ಅತ್ತೆ "ಪೂಜೆ ಆಗೈತೆ, ಮುಟ್ಬೇಡಪ್ಪ" ಅಂದರು. ಪಾಪ, ಕೈ ಹಿಂದಕ್ಕೆ ತಗೊಂಡು ಕೆಳಗಡೆ ಮಾವಿನ ಮರದ ಹತ್ತಿರ ಹೋಗಿ ನಿಂತುಕೊಂಡ.

ನೀಲ ಬಂದು ನನ್ನ ಕೈ ಹಿಡಿದಳು. "ಅಕ್ಕ, ನೀವೂ ಬನ್ನಿ. ನೀವಿದ್ರೆ ನಂಗೆ ಭಯ ಇಲ್ಲ."

ನಾನು ಬರುವುದಿಲ್ಲ ಅನ್ನಬಹುದಿತ್ತು. ಅಂದಿದ್ದರೆ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಅವಳ ಕೈ ಹಿಡಿದು ಹತ್ತಬೇಡ ಅನ್ನಬಹುದಿತ್ತು. ಪಕ್ಕದಲ್ಲೇ ಅತ್ತೆ ನಿಂತಿದ್ದರು. ನಡುಹೊಳೆ ಇನ್ನೂ ದೂರವಿತ್ತು, ಅತ್ತೆ ಹತ್ತಿರವಿದ್ದರು — ಅಷ್ಟೇ ನೋಡು ನನ್ನ ಲೆಕ್ಕ. ಹತ್ತಿದೆ. ಗೊತ್ತಿದ್ದೂ ಗೊತ್ತಿದ್ದೂ, ನನ್ನನ್ನು ನಂಬಿದ ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಹತ್ತಿದೆ.

ದೋಣಿ ನೆಟ್ಟಗೆ ಹೋಯಿತು. ಎಷ್ಟು ನೆಟ್ಟಗೆ! ಒಂದಿಷ್ಟೂ ತಿರುಗಲಿಲ್ಲ. ನೀನು ಹಿಂದೆ ಕೂತು ಹುಟ್ಟು ಹಾಕುತ್ತಿದ್ದೆ. ನೀಲ ಮೊದಲು ಕಣ್ಣು ಮುಚ್ಚಿದ್ದವಳು ಮೆಲ್ಲಗೆ ತೆರೆದಳು, ಆಮೇಲೆ ನಕ್ಕಳು, ಕೈ ಇಳಿಬಿಟ್ಟು ನೀರು ಮುಟ್ಟಿದಳು. "ಅಕ್ಕ, ನಮ್ಮವ್ವ ನಿಂತವ್ಳೆ ಅಲ್ಲಿ, ಕಾಣ್ತದಾ?" ಅಂದಳು. ಆಚೆ ದಡದಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಕೈ ಬೀಸುತ್ತಿದ್ದಳು.

ಆಗ ನನ್ನ ಪಾದಕ್ಕೆ ತಣ್ಣಗಾಯಿತು.

ಬಗ್ಗಿ ನೋಡಿದೆ. ಎರಡು ಪಟ್ಟಿಯ ನಡುವಿನಿಂದ ಆ ಅಂಟು ಶಾವಿಗೆಯ ಹಾಗೆ ಎಳೆಯೆಳೆಯಾಗಿ ಒಳಗೆ ಬರುತ್ತಿತ್ತು, ಅದರ ಹಿಂದೆ ನೀರು. ನಾನು ಕೂಗಬೇಕಿತ್ತು. ಇನ್ನೂ ಮೂರನೇ ಒಂದು ಭಾಗವೂ ಹೋಗಿರಲಿಲ್ಲ, ತಿರುಗಿಸಿದ್ದರೆ ದಡ ಸೇರುತ್ತಿದ್ದೆವು. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ, ಚೆನ್ನಪ್ಪ. ನಾನು ಕೂಗಲಿಲ್ಲ. ಆ ಸಂದಿಯ ಮೇಲೆ ಪಾದ ಇಟ್ಟು ಒತ್ತಿ, ಸೀರೆಯ ನಿರಿಗೆಯನ್ನು ಅದರ ಮೇಲೆ ಹರಡಿಕೊಂಡೆ. ನಿನಗೆ ಕಾಣದಿರಲಿ ಎಂದು. ಆಚೆ ದಡ ಮುಟ್ಟಿಬಿಟ್ಟರೆ ಸಾಕು, ಯಾರಿಗೂ ತಿಳಿಯುವುದಿಲ್ಲ ಎಂದು. ನಡುಹೊಳೆಯವರೆಗೂ ಹಾಗೇ ಕೂತಿದ್ದೆ. ಇನ್ನೊಂದು ಸಂದಿ ಬಿಟ್ಟಿತು, ಮತ್ತೊಂದು ಬಿಟ್ಟಿತು. ನೀಲ ತನ್ನ ನೆನೆದ ಸೆರಗು ನೋಡಿ ಚಿಟ್ಟನೆ ಚೀರಿ ಎದ್ದು ನಿಂತಳು. ಅಷ್ಟೇ.

ನೀರಿನ ಒಳಗೆ ಹಸಿರು ಬಣ್ಣ ಮಾತ್ರ ಇತ್ತು. ಕಿವಿಯಲ್ಲಿ ಗುಂಯ್ ಎಂದು. ಸೆಳವು ನನ್ನನ್ನು ಮುಳುಗಿಸುತ್ತಾ ಎತ್ತುತ್ತಾ ಮಾವಿನ ಮರದ ಕಡೆಗೆ ತಂದಿತ್ತು, ಆಗ ಯಾರೋ ನನ್ನ ಜಡೆ ಹಿಡಿದು ಎಳೆದರು. ಚಾತು. ಅವನು ನೀಲಳನ್ನು ಆಗಲೇ ದಡಕ್ಕೆ ಹಾಕಿ ಮತ್ತೆ ಬಂದಿದ್ದ. ನೀನು ಮಗುಚಿದ ದೋಣಿ ಹಿಡಿದು ತೇಲುತ್ತಿದ್ದೆ. ಅವನ ಬಾಯಿಯಿಂದ ಏದುಸಿರು ಬರುತ್ತಿತ್ತು, "ಹೆದರ್ಬೇಡ ಅಮ್ಮಾ, ಹೆದರ್ಬೇಡ" ಎಂದು ದಡ ಮುಟ್ಟುವವರೆಗೂ ಹೇಳುತ್ತಲೇ ಇದ್ದ.

ದಡದಲ್ಲಿ ಅತ್ತೆ ಅಳುತ್ತಾ ತಮ್ಮ ಸೆರಗಿನಲ್ಲೇ ನನ್ನ ತಲೆ ಒರೆಸಿದರು. ನನ್ನನ್ನು ಅವುಚಿಕೊಂಡರು. ಆರು ವರ್ಷದಲ್ಲಿ ಮೊದಲ ಸಲ. ಅಷ್ಟರಲ್ಲಿ ನಿನ್ನ ಅಣ್ಣ ಚಾತುವಿನ ಒದ್ದೆ ಅಂಗಿಯ ಕತ್ತಿನ ಪಟ್ಟಿ ಹಿಡಿದಿದ್ದರು. "ಏನ್ ಎಣ್ಣೆ ಕೊಟ್ಯಲಾ? ನಮ್ ಹೆಣ್ಮಕ್ಕಳ್ನ ಮುಳುಗಿಸಾಕೆ ಕೊಟ್ಯಾ?"

ಚಾತು ಅವರ ಕೈ ಬಿಡಿಸಿಕೊಂಡು ದಡಕ್ಕೆ ಎಳೆದುಹಾಕಿದ್ದ ದೋಣಿಯ ಹತ್ತಿರ ಹೋಗಿ ಕೂತು, ಸಂದಿಯ ಅಂಟನ್ನು ಕಿತ್ತು ಎರಡು ಬೆರಳ ನಡುವೆ ಹೊಸೆದ. ಮೂಗಿನ ಹತ್ತಿರ ಹಿಡಿದ. ಮತ್ತೆ ಹೊಸೆದ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ನಿನ್ನನ್ನಲ್ಲ, ನನ್ನನ್ನು. ಈಗ ಹೇಳುತ್ತಾನೆ, ಇದು ಮೀನೆಣ್ಣೆ ಅಲ್ಲ ಎಂದು ಹೇಳುತ್ತಾನೆ — ಮನೆಗೆ ಮೀನೆಣ್ಣೆ ಬಂದದ್ದೂ, ಅದು ಹೋದದ್ದೂ ಎರಡೂ ಒಟ್ಟಿಗೆ ಹೊರಬೀಳುತ್ತವೆ.

ನೀನು ನನ್ನ ಕಡೆ ತಿರುಗಿದೆ. "ಅತ್ತಿಗೆ, ಅವನು ಕೊಟ್ಟ ಎಣ್ಣೇನೇ ತಾನೆ ನೀವು ಕುದಿಸಿದ್ದು?"

"ಹೂಂ" ಅಂದೆ. "ಅದೇ ಎಣ್ಣೆ."

ಇಷ್ಟೇ ನಾನು ಆಡಿದ ಮಾತು.

ಚಾತು ಎದ್ದು ನಿಂತು ಕೈ ಮುಗಿದ. "ಎಣ್ಣೆ ಕೊಟ್ಟದ್ದು ನಾನೇ, ಸಾಮಿ" ಎಂದ. ಅವನು ಸುಳ್ಳು ಹೇಳಲಿಲ್ಲ ನೋಡು. ನಾನು ಹೇಳಿದೆ. ನಿನ್ನ ಅಣ್ಣ ಅವನ ಕೆನ್ನೆಗೆ ಹೊಡೆದರು. ನಮ್ಮನ್ನು ಈಗಷ್ಟೇ ನೀರಿನಿಂದ ಎತ್ತಿದವನಿಗೆ. ನೀನು ಹೊಡೆಯಲಿಲ್ಲ, ಆದರೆ "ನಂಬ್ದೋರ್ನ ಮುಳುಗಿಸ್ದೆ" ಅಂದೆ. ಆ ಮಾತಿಗೆ ಅವನು ತಲೆ ತಗ್ಗಿಸಿದ್ದನ್ನು ನಾನು ಅತ್ತೆಯ ಸೆರಗಿನ ಒಳಗಿಂದ ನೋಡಿದೆ.

ಮೂರು ದಿನಕ್ಕೆ ಅಡ್ಡೆಯಿಂದ ಅವನನ್ನು ಬಿಡಿಸಿದರು. ಊರು ಬಿಟ್ಟು ಹೋಗುವ ದಿನ ನಾನು ಕೆರೆಯ ಏರಿಯ ಮೇಲೆ ನೀರು ಹೊತ್ತು ಬರುತ್ತಿದ್ದೆ. ಎದುರಿಗೆ ಬಂದ. ಹಿಂದೆ ಹೆಂಡತಿ, ಅವಳ ತಲೆಯ ಮೇಲೆ ಪಾತ್ರೆಯ ಬುಟ್ಟಿ. ಅವನ ಹೆಗಲ ಮೇಲೆ ಗೋಣಿ ಸುತ್ತಿದ ಗರಗಸ. ನನಗೆ ಓಡಿಹೋಗುವ ಹಾಗಾಯಿತು, ಕೊಡ ಹೊತ್ತು ಎಲ್ಲಿಗೆ ಓಡಲಿ? ದಾರಿ ಬಿಟ್ಟು ಪಕ್ಕಕ್ಕೆ ನಿಂತ. ಹೆಂಡತಿ ಮುಂದೆ ಹೋಗುವವರೆಗೆ ಕಾದು, ಮೆಲ್ಲಗೆ ಹೇಳಿದ:

"ಹರಳೆಣ್ಣೆ ತಲೆಗೆ ಒಳ್ಳೇದು, ಅಮ್ಮಾ. ಮರಕ್ಕೆ ಆಗೂದಿಲ್ಲ."

ಸಿಟ್ಟಿರಲಿಲ್ಲ ದನಿಯಲ್ಲಿ. ಕೆಲಸ ಕಲಿಯುವವರಿಗೆ ಹೇಳುವ ಹಾಗೆ ಹೇಳಿ ಹೊರಟುಹೋದ. ಎಲ್ಲ ಗೊತ್ತಿತ್ತು ಅವನಿಗೆ. ಗೊತ್ತಿದ್ದೇ ದಡದಲ್ಲಿ ಸುಮ್ಮನಿದ್ದ. ಹೇಳಿದ್ದರೆ ನನ್ನನ್ನು ಆವತ್ತೇ ತವರಿಗೆ ಅಟ್ಟುತ್ತಿದ್ದರು ಎಂಬುದೂ ಗೊತ್ತಿತ್ತು. ಅದಾದ ಮೇಲೆ ಎಷ್ಟೋ ವರ್ಷ ಬಾಗಿಲಲ್ಲಿ ಯಾರಾದರೂ ಮಲಯಾಳಿ ದನಿಯಲ್ಲಿ ಕರೆದರೆ ನಾನು ಉಗ್ರಾಣಕ್ಕೆ ಹೋಗಿ ಕದ ಹಾಕಿಕೊಳ್ಳುತ್ತಿದ್ದೆ. ನನ್ನನ್ನು ಉಳಿಸಿದವನು ಬಂದುಬಿಟ್ಟಾನು ಎಂದು ಹೆದರಿ ಬದುಕಿದೆ, ಕೇಳಿದ್ದೀಯಾ ಎಲ್ಲಾದರೂ?

ನೀಲ ಮತ್ತೆ ನೀರಿಗೆ ಕಾಲಿಡಲಿಲ್ಲ. ಎರಡು ವರ್ಷದ ಮೇಲೆ ಅವಳ ಅವ್ವ ಸಾಯುವ ಸುದ್ದಿ ಬಂದಾಗ ಗಾಡಿ ಕಟ್ಟಿಸಿಕೊಂಡು ಸೇತುವೆ ಸುತ್ತಿ ಹೋದಳು. ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ತಿರುಗಿ ಬಂದವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು, ನನ್ನದೇ ತೊಡೆ ಬೇಕಿತ್ತು ಅವಳಿಗೆ. ನೀನು ಉಳಿ ಸುತ್ತಿಗೆ ಮುಟ್ಟಲಿಲ್ಲ. ದೋಣಿಯನ್ನು ಎರಡಾಗಿ ಕುಯ್ದು, ಒಂದನ್ನು ಒಲೆಗೆ ಹಾಕಿ, ಇನ್ನೊಂದನ್ನು ಅಟ್ಟದ ಮೇಲೆ ಇಟ್ಟೆ, ಮೋಸಕ್ಕೆ ಸಾಕ್ಷಿ ಇರಲಿ ಎಂದು. ಅತ್ತೆ ಹೋದ ಮೇಲೆ ನೀನು ಮೀನೆಣ್ಣೆಯ ಗುಟ್ಟನ್ನೂ ಬಿಚ್ಚಿ, ಆ ಕಥೆಯನ್ನು ಮಕ್ಕಳಿಗೆ ನಗುನಗುತ್ತಾ ಹೇಳತೊಡಗಿದೆ. ಆಗ ಹುಟ್ಟಿದ ಮಾತು, ಚಾತು ಎಣ್ಣೆ.

ನನಗೆ ಆಮೇಲೆ ಇಬ್ಬರು ಮಕ್ಕಳಾದರು. ಅತ್ತೆ ನನ್ನನ್ನು ಮಗಳಂತೆ ನೋಡಿಕೊಂಡರು. ಅದೆಲ್ಲ ಆ "ಹೂಂ"ನಿಂದ ಬಂದದ್ದು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಉಂಡ ಅನ್ನ ಯಾರದೋ ಎಲೆಯದು ಅನ್ನಿಸುತ್ತದೆ.

ಇನ್ನೊಂದು ಹೇಳಬೇಕು. ನನ್ನ ಮಗಳ ಮದುವೆಗೆ ಬಾಗಿಲಿಗೆ ಬಣ್ಣ ಹೊಡೆಯಲು ಬಂದವನು ಒಂದು ಎಣ್ಣೆ ಕಲಸುತ್ತಿದ್ದ. ಏನಪ್ಪ ಅದು ಎಂದೆ. ಅಗಸೆ ಎಣ್ಣೆ, ರಾಳ ಹಾಕಿ ಕುದಿಸಿದರೆ ಕಲ್ಲಿನಂತೆ ಆಗುತ್ತದೆ, ನೀರು ಏನೂ ಮಾಡದು ಎಂದ. ಅಗಸೆ! ನಮ್ಮ ಅಡುಗೆಮನೆಯ ಡಬ್ಬದಲ್ಲಿರುವ ಅಗಸೆ! ಆವತ್ತು ನಿನಗೆ "ನನ್ನಿಂದ ಅದನ್ನ ಮುಟ್ಟಾಕೆ ಆಗಲ್ಲ ಚೆನ್ನಪ್ಪ" ಎಂದು ಒಂದೇ ಒಂದು ಮಾತು ಹೇಳಿದ್ದರೆ, ನೀನು ಚಾತುವನ್ನು ಕೇಳುತ್ತಿದ್ದೆ, ಅವನು ಇದನ್ನು ಹೇಳುತ್ತಿದ್ದ. ಮೀನೂ ಬೇಡ, ಪಾಪವೂ ಬೇಡ, ಹೆದರಿಕೆಯೂ ಬೇಡ. ಆದರೆ —

ಇಲ್ಲ, ಆದರೆ ಏನೂ ಇಲ್ಲ. ಅತ್ತೆಯ ಮೇಲೆ ಹಾಕುವುದಿಲ್ಲ, ವಯಸ್ಸಿನ ಮೇಲೂ ಹಾಕುವುದಿಲ್ಲ. ನೀಲಳಿಗೆ ಹೇಳಬೇಕೆಂದು ಎಷ್ಟು ಸಲ ಹೊರಟೆ, ಅವಳು ಹೋಗಿಯೂ ಮೂರು ವರ್ಷವಾಯಿತು. ಚಾತು ಎಲ್ಲಿ ಹೋದನೋ, ಇದ್ದಾನೋ ಇಲ್ಲವೋ, ಒಂದು ಸಲವೂ ವಿಚಾರಿಸಲಿಲ್ಲ. ವಿಚಾರಿಸಿದರೆ ಸಿಕ್ಕಿಬಿಟ್ಟಾನು ಎಂದು.

ಮೊನ್ನೆ ನನ್ನ ಮೊಮ್ಮಗಳು, ಐದು ವರ್ಷದವಳು, ಲೋಟದ ಹಾಲು ನೋಡಿ ಮೂಗು ಮುರಿದು "ಅಜ್ಜೀ, ಚಾತು ಎಣ್ಣೆ!" ಎಂದಳು. ಮನೆಯೆಲ್ಲ ಗೊಳ್ಳೆಂದಿತು. ನೀನೂ ನಕ್ಕೆ. ನಾನೂ ನಕ್ಕೆ, ಚೆನ್ನಪ್ಪ. ನಕ್ಕುಬಿಟ್ಟೆ. ಆ ನಗು ಬಾಯಿಂದ ಹೊರಟ ಮೇಲೆ ನನಗೆ ನನ್ನ ಮೇಲೆ ಎಂಥ ಭಯವಾಯಿತೆಂದರೆ, ಆವತ್ತಿನಿಂದ ಬರೆಯಲು ಕೂತಿದ್ದೇನೆ.

ಮಾತು ನಂಬಬೇಡ. ಏಣಿ ಹಾಕಿಸಿ ಅಟ್ಟ ಹತ್ತಿಸು ಯಾರನ್ನಾದರೂ. ಆ ಅರ್ಧ ದೋಣಿಯ ಸಂದಿಗೆ ಉಗುರು ಊರಲಿ. ಮೀನೆಣ್ಣೆಯಾಗಿದ್ದರೆ ಎಂದೋ ಕಲ್ಲಾಗುತ್ತಿತ್ತು. ನಾನು ನಿನ್ನೆ ಹತ್ತಿದ್ದೆ, ಈ ವಯಸ್ಸಿನಲ್ಲಿ, ಯಾರಿಗೂ ಹೇಳದೆ. ಹೆಂಚಿನ ಕಾವಿಗೆ ಅದು ಇನ್ನೂ ಮೆತ್ತಗೇ ಇದೆ.

ಇವತ್ತು ಸೋಮವಾರ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಈ ಪುಸ್ತಕವನ್ನು ನಿನ್ನ ಎಲೆಯ ಪಕ್ಕ ಇಡುತ್ತೇನೆ, ಗಟ್ಟಿಯಾಗಿ ಓದು. ನಾನು ಎದ್ದು ಒಳಗೆ ಹೋಗುವುದಿಲ್ಲ, ನಿನ್ನ ಎದುರಿಗೇ ಕೂತಿರುತ್ತೇನೆ. ಓದಿ ಮುಗಿಸಿದ ಮೇಲೆ ಆ ಮಗುವನ್ನು ಕರೆದು ಹೇಳು — ಹಾಲು ನೀರಾಗಿದ್ದರೆ ಇನ್ನು ಮೇಲೆ "ಗಿರಿಜಜ್ಜಿ ಎಣ್ಣೆ" ಅನ್ನಬೇಕು ಎಂದು.